ಎಳ್ಳಮಾವಾಸ್ಯೆಯ ಕಾಲಂ

ಹೊನ್ನೂರಮ್ಮನವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರೆ ಅವರು ಅದನ್ನು ಮಡಚಿಕೊಂಡು ಹೋಗಿ ಹೆರಿಗೆ ವಾರ್ಡಿನ ಯಾವುದಾದರೂ ಕೂಸಿಗೆ ಹೊದಿಸಿಬಿಡುತ್ತಾರೆ. ಎರಡು ಸಲ ಹಾಗೇ ಆಗಿದೆ. ಅದಕ್ಕೇ ಈ ಸಲ ನಾನು ಬರೆಯಲು ಕೂತಿದ್ದೇನೆ, ಬರೆದದ್ದನ್ನು ಯಾವ ಕೂಸಿಗೂ ಹೊದಿಸಲು ಬರುವುದಿಲ್ಲ. ನಾನು ಸೌಭಾಗ್ಯ, ಅವರ ಕೈಕೆಳಗೆ ಒಂಬತ್ತು ವರ್ಷ ದುಡಿದ ನರ್ಸು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಮೊದಲ ನೋಟಿಸು ನನಗೇ ಬರುತ್ತದೆ. ಕೊಟ್ಟೂರಿನ ಆಚೀಚೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ.

ನಮಗೆಲ್ಲ ಅವರು ಹೊನ್ನೂರಕ್ಕ. ಗುಡೇಕೋಟೆಯ ಕಡೆ ಕುರಿ ಸಾಕುವ ಮನೆಯವರು. ಅಪ್ಪ ಚೌಡಣ್ಣ ಓದು ಬರಹ ತಿಳಿಯದವರು, ಆದರೆ ಇನ್ನೂರು ಕುರಿಗಳಲ್ಲಿ ಯಾವುದು ಯಾವ ವಾರ ಈಯುತ್ತದೆಂದು ಬಾಯಲ್ಲೇ ಹೇಳುತ್ತಿದ್ದರಂತೆ. ಮಗಳು ಬಳ್ಳಾರಿಯಲ್ಲಿ ನರ್ಸಿಂಗ್ ಓದಿ ಬಂದು ಇಪ್ಪತ್ತೇಳು ವರ್ಷ ಹೆರಿಗೆ ವಾರ್ಡಿನಲ್ಲೇ ಕಳೆದರು. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ಅದರಲ್ಲೂ ಕೇಳಿದ್ದನ್ನೇ ಮತ್ತೆ ಕೇಳುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ನಮ್ಮಲ್ಲಿ ಬಸುರಿ ಬಂದರೆ ಕಡೆಯ ಮುಟ್ಟು ಯಾವಾಗ, ರಕ್ತದ ಗುಂಪು ಯಾವುದು, ಯಾವ ಔಷಧಿ ಆಗಿಬರುವುದಿಲ್ಲ ಎಂದು ಓಪಿಡಿಯಲ್ಲೊಮ್ಮೆ, ವಾರ್ಡಿನಲ್ಲೊಮ್ಮೆ, ಆಪರೇಷನ್ ಥಿಯೇಟರಿನಲ್ಲೊಮ್ಮೆ ಕೇಳಿ ಮೂರು ಪುಸ್ತಕಗಳಲ್ಲಿ ಬರೆಯುತ್ತಿದ್ದೆವು.

"ನೋವು ತಿನ್ನಾಕಿಗೆ ಮೂರು ಸಲ ಅದನ್ನ ಕೇಳ್ತೀರಲ್ಲ, ನಿಮಗೇನು ಕಿವಿ ಇಲ್ಲನು?" ಎಂದು ಬೈಯುತ್ತಿದ್ದರು.

ಎರಡು ವರ್ಷದ ಹಿಂದೆ ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಅದನ್ನು ಹೊಂದಿಸಲು ಕಂಪನಿಯವರು ಕಳಿಸಿದ್ದು ಹಗರಿಬೊಮ್ಮನಹಳ್ಳಿಯ ಭರತ್ ಎಂಬುವವನನ್ನು. ಅವನು ನಮ್ಮ ಮೂರು ಪುಸ್ತಕಗಳನ್ನು ನೋಡಿಕೊಂಡು ಮೂರು ಪುಟ ಮಾಡಿಕೊಟ್ಟ. ಅದೇ ಪ್ರಶ್ನೆ ಮೂರು ಸಲ, ಈಗ ಕರೆಂಟು ಬೇರೆ ಇರಬೇಕು. ಹೊನ್ನೂರಕ್ಕ ಮೂರೂ ಪುಟ ನೋಡಿದರು. ಮರುದಿನ ಹಳೇ ವರ್ಷದ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಹಿಂದಿನ ಬಿಳಿ ಮೈ ತುಂಬ ಗೆರೆ ಎಳೆದು ತಂದು ಅವನ ಮುಂದೆ ಹಾಸಿದರು. ಯಾವ ಕಾಲಂ ಎಲ್ಲಿ ಮೊದಲು ತುಂಬಬೇಕು, ಅದು ಯಾವ ಯಾವ ಪುಟದಲ್ಲಿ ತಾನಾಗಿ ಕಾಣಬೇಕು, ತಿದ್ದುವ ಅಧಿಕಾರ ಯಾರಿಗೆ, ತಿದ್ದಿದರೆ ಹಳೆಯದೂ ತಿದ್ದಿದವರ ಹೆಸರೂ ಹೇಗೆ ಉಳಿಯಬೇಕು, ಎಲ್ಲ ಅದರಲ್ಲಿತ್ತು.

"ಒಮ್ಮೆ ಬರದ್ರ ಎಲ್ಲಾ ಕಡೆ ಕಾಣಬೇಕಪ್ಪ. ಎಲ್ಲರಿಗೂ ಸೇರಿ ಒಂದ ಕಾಲಂ" ಎಂದರು.

ಭರತ್ ಮೊದಲು ತಲೆ ಕೆರೆದುಕೊಂಡ. ಆಮೇಲೆ ಹದಿನೈದು ದಿನ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಹಾಗೆಯೇ ಮಾಡಿಕೊಟ್ಟ. ನಾವು ಕುಣಿಯುವುದೊಂದು ಬಾಕಿ. ಬರೆಯುವ ಕೆಲಸ ಅರ್ಧಕ್ಕೆ ಇಳಿಯಿತು, ಮಧ್ಯಾಹ್ನದ ಬುತ್ತಿ ಬಿಸಿ ಇರುವಾಗಲೇ ತಿನ್ನುವ ಯೋಗ ಬಂತು.

ಆ ಕಾಲಂನಲ್ಲಿ ತಪ್ಪು ಬರೆದವಳು ನಾನೇ. ಸುತ್ತಿ ಬಳಸಿ ಹೇಳುವುದಿಲ್ಲ.

ಕಳೆದ ಜುಲೈನಲ್ಲಿ ರೋಜಾ ಎಂಬ ಹುಡುಗಿ ಚೊಚ್ಚಲ ಬಸುರಿಯಾಗಿ ಓಪಿಡಿಗೆ ಬಂದಳು. ಕುರಿ ಹಿಂಡಿನ ಜೊತೆ ಗದ್ದೆ ಸೀಮೆಗೆ ಹೋಗಿದ್ದ ಮನೆಯವಳು, ಅಷ್ಟು ದಿನ ಯಾವ ಆಸ್ಪತ್ರೆಯನ್ನೂ ಕಂಡಿರಲಿಲ್ಲ, ಸ್ಕ್ಯಾನಿಂಗೂ ಆಗಿರಲಿಲ್ಲ. ಕಡೆಯ ಮುಟ್ಟು ಯಾವಾಗ ಎಂದು ಕೇಳಿದೆ. "ಎಳ್ಳಮಾಸಿಗೆ ಹೊಲಕ್ಕ ಚರಗ ಚೆಲ್ಲಿ ಬಂದ ಐದನೇ ದಿನಕ್ರಿ" ಎಂದಳು. ಎಳ್ಳಮಾವಾಸ್ಯೆಯ ದಿನ ಹಬ್ಬದ ಅಡಿಗೆಯನ್ನು ಪೈರಿನ ಮೇಲೆ ಎರಚಿ ಬರುವುದೇ ಚರಗ. ನಮ್ಮ ಸೀಮೆಯ ಹೆಂಗಸರು ಹೀಗೆಯೇ ಹೇಳುವುದು, ತಾರೀಖು ಯಾರಿಗೆ ನೆನಪಿರುತ್ತದೆ? ಆದರೆ ಕಂಪ್ಯೂಟರಿಗೆ ಬೇಕಾದದ್ದು ತಾರೀಖೇ. ಎಳ್ಳಮಾವಾಸ್ಯೆ ಎಂದರೆ ಡಿಸೆಂಬರ್ ಎಂದುಕೊಂಡು ಮೊಬೈಲಿನಲ್ಲಿ ಹಿಂದಿನ ಡಿಸೆಂಬರ್ ತೆಗೆದೆ. ಒಂದನೇ ತಾರೀಖಿಗೇ ಅಮಾವಾಸ್ಯೆ ಕಂಡಿತು, ಐದು ಎಂದು ಒತ್ತಿದೆ. ಆ ತಿಂಗಳು ಎರಡು ಅಮಾವಾಸ್ಯೆ ಬಿದ್ದಿದ್ದವು. ಎಳ್ಳಮಾವಾಸ್ಯೆ ಬಂದದ್ದು ಮೂವತ್ತಕ್ಕೆ. ಸರದಿಯಲ್ಲಿ ಇನ್ನೂ ನಲವತ್ತು ಜನ ನಿಂತಿದ್ದರು, ನಾನು ತಿಂಗಳ ಕಡೆಯವರೆಗೆ ನೋಡಲೇ ಇಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ರೋಜಾಳನ್ನು ವಾರ್ಡಿಗೆ ಸೇರಿಸಿಕೊಂಡರು. ಸ್ಕ್ಯಾನಿಂಗಿನಲ್ಲಿ ಕೂಸು ಸಣ್ಣದು ಎಂದು ಬಂತು. ಕಂಪ್ಯೂಟರಿನಲ್ಲಿ ನೋಡಿದರೆ ದಿನ ತುಂಬಿ ಮೂರು ದಿನವಾಗಿತ್ತು. ದಿನ ತುಂಬಿಯೂ ಸಣ್ಣದೆಂದರೆ ಒಳಗೆ ಬೆಳೆಯುತ್ತಿಲ್ಲ ಎಂದೇ ಅರ್ಥ. ಡಾಕ್ಟರಮ್ಮ ಮೂರೂ ಪುಟ ತೆಗೆದು ನೋಡಿದರು, ಮೂರರಲ್ಲೂ ಅದೇ ತಾರೀಖು. ಅನುಮಾನಪಡಲು ಕಾರಣವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್ ಎಂದು ಬರೆದರು.

ಹತ್ತು ಗಂಟೆಗೆ ಹೊನ್ನೂರಕ್ಕ ಥಿಯೇಟರಿಗೆ ಕಳಿಸುವ ಮುಂಚಿನ ತಪಾಸಣೆಗೆ ಹೋದರು. ಮಂಚದ ಪಕ್ಕ ರೋಜಾಳ ತಾಯಿ ಕೆಂಚಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

"ಯಾಕವ್ವ, ಹೆದರ್ಕಿ ಆಗ್ಯದೇನು?"

"ಹೆದರ್ಕಿ ಅಲ್ಲಬೇ. ಶೀಗಿ ಹುಣ್ಣಿವಿ ಹೊತ್ತಿಗೆ ಹಡೀತಾಳ ಅಂತ ನಮ್ಮ ಲೆಕ್ಕ. ಇನ್ನಾ ಮಾನಮಿ ಅಮಾಸಿನೂ ಬಂದಿಲ್ಲ. ಇಷ್ಟು ಲಗೂನ ಯಾಕ ತೆಗೀತೀರಿ?"

ಮಹಾನವಮಿಯ ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು, ಶೀಗಿ ಹುಣ್ಣಿಮೆ ಅದಾಗಿ ಹದಿನೈದು ದಿನಕ್ಕೆ. ಬೇರೆ ಯಾರಾದರೂ ಆಗಿದ್ದರೆ ಮುದುಕಿಯ ಮಾತೆಂದು ಮುಂದೆ ಹೋಗುತ್ತಿದ್ದರು. ನಾನಾದರೂ ಹೋಗುತ್ತಿದ್ದೆ. ಹೊನ್ನೂರಕ್ಕ ಕುರಿಗಳ ಲೆಕ್ಕ ಬಲ್ಲ ಚೌಡಣ್ಣನ ಮಗಳು, ಅಲ್ಲೇ ಮಂಚದ ತುದಿಗೆ ಕೂತರು. ರೋಜಾಳನ್ನು ಮತ್ತೆ ಕೇಳಿದರು, ಬೆರಳು ಮಡಚಿ ಹುಣ್ಣಿಮೆಗಳನ್ನು ಎಣಿಸಿದರು, ಎದ್ದು ಹೋಗಿ ಗೋಡೆಯ ಹಳೇ ಕ್ಯಾಲೆಂಡರ್ ಹುಡುಕಿದರು. ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋಗಿ ಕಡ್ಡಿ ಮುರಿದ ಹಾಗೆ ಹೇಳಿದರು: "ಮೇಡಂ, ಕೂಸು ಸಣ್ಣದಲ್ರಿ. ನಮ್ಮ ತಾರೀಖು ತಪ್ಪೈತಿ. ಇನ್ನಾ ನಾಕು ವಾರ ಅದಾವು."

ಡಾಕ್ಟರಮ್ಮ ಸ್ಕ್ಯಾನಿಂಗಿನ ಅಳತೆಗಳನ್ನು ಹೊಸ ತಾರೀಖಿಗೆ ಹೋಲಿಸಿ ನೋಡಿದರು. ಎಲ್ಲ ಸರಿಹೋಯಿತು. ಆಪರೇಷನ್ ನಿಂತಿತು. ಸುದ್ದಿ ಓಪಿಡಿಗೆ ಬಂದಾಗ ರೋಜಾಳ ಪುಟ ತೆಗೆದು ನೋಡಿದೆ, ತಾರೀಖಿನ ಪಕ್ಕ ನನ್ನದೇ ಹೆಸರಿತ್ತು. ಸುಮ್ಮಸುಮ್ಮನೆ ಹೊಟ್ಟೆ ಕೊಯ್ಯಿಸಿ, ನಾಲ್ಕು ವಾರ ಮುಂಚೆಯೇ ಒಂದು ಜೀವವನ್ನು ಹೊರಗೆ ಎಳೆಸುತ್ತಿದ್ದೆ. ಬಚ್ಚಲಿಗೆ ಹೋಗಿ ಅತ್ತೆ. ಸಂಜೆ ಹೊನ್ನೂರಕ್ಕನ ಮುಂದೆ ನಿಂತು ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು.

"ಮದ್ಲು ಮೂರು ಸಲ ಕೇಳ್ತಿದ್ವಿ. ಒಬ್ಬಾಕಿ ತಪ್ಪಿದ್ರ ಇನ್ನೊಬ್ಬಾಕಿ ಪುಸ್ತಕದಾಗ ಬ್ಯಾರೆ ಬರ್ತಿತ್ತು, ಗೊತ್ತಾಗ್ತಿತ್ತು. ಈಗ ತಪ್ಪೂ ಎಲ್ಲಾ ಕಡೆ ಒಂದ ಥರ ಕಾಣತೈತಿ" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. "ಆ ಹುಡುಗಿ ಬಾಯಿಂದ ಬಂದ ಮಾತು ಎಲ್ಲಿ ಹೋತು, ಸೌಭಾಗ್ಯ? ನಾನು ಅದಕ್ಕ ಜಾಗನ ಇಡ್ಲಿಲ್ಲ."

ಮತ್ತೆ ಕ್ಯಾಲೆಂಡರಿನ ಹಾಳೆಗಳು ಮಗುಚಿದವು. ತಾರೀಖಿನ ಮೇಲೆಯೇ ಇನ್ನೊಂದು ಕಾಲಂ, ತಾಯಿ ಹೇಳಿದ್ದು ಹೇಳಿದ ಹಾಗೆ. ಎರಡೂ ಜೊತೆಯಾಗಿಯೇ ಎಲ್ಲ ಪುಟಗಳಿಗೂ ಹೋಗಬೇಕು, ಒಂದನ್ನು ಬಿಟ್ಟು ಒಂದು ಕಾಣಬಾರದು.

ಅದನ್ನು ಒಪ್ಪಿಸಲು ಕೊಟ್ಟೂರಿನಲ್ಲಿ ಸಭೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ನರ್ಸುಗಳೂ ಬಂದಿದ್ದರು. ಮೇಲಿನ ಅಧಿಕಾರಿಯೊಬ್ಬರು ರೋಜಾಳ ಕಾಗದ ಓದಿ, "ಈ ತಪ್ಪು ತಾರೀಖು ಬರೆದ ಸಿಸ್ಟರ್ ಯಾರು?" ಎಂದು ಕೇಳಿದರು. ಏಳಬೇಕೆಂದು ಕುರ್ಚಿ ಹಿಡಿದೆ. ಹೊನ್ನೂರಕ್ಕ ನನ್ನ ಹೆಗಲು ಒತ್ತಿ ಕೂರಿಸಿ ತಾವು ಎದ್ದರು.

"ಬರದಾಕಿ ಹೆಸರು ಕಂಪ್ಯೂಟರ್‌ನಾಗ ಐತ್ರಿ, ಆಕಿ ಮುಚ್ಚಿಟ್ಟಿಲ್ಲ. ಆದ್ರ ಕಾಲಂ ಮಾಡ್ದಾಕಿ ನಾನು. ನಾಳೆ ನೀವು ಆ ಕುರ್ಚಿ ಮ್ಯಾಲ ಕುಂತ್ರೂ ಅದ ತಪ್ಪು ಮಾಡ್ತೀರಿ. ಅದನ್ನ ಸರಿ ಮಾಡೂಣು."

ಅಧಿಕಾರಿ ಬಿಡಲಿಲ್ಲ. ಮನಸ್ಸಿಗೆ ಬಂದದ್ದನ್ನು ಬರೆದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ, ಅಂಥ ಕಾಲಂ ದಂಡ ಎಂದರು. ಹೊನ್ನೂರಕ್ಕ ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಯುಗಾದಿ ಅಮಾವಾಸ್ಯೆಯಿಂದ ಹೋಳಿ ಹುಣ್ಣಿಮೆಯವರೆಗೆ ಎಲ್ಲ ಹೆಸರೂ ಅದರಲ್ಲಿ ಸಾಲಾಗಿದ್ದವು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆ. ಹೆಸರು ಒತ್ತಬೇಕು, ಆದ ಮೇಲೋ ಮುಂಚೆಯೋ ಒತ್ತಬೇಕು, ಎಷ್ಟು ದಿನ ಎಂದು ಹಾಕಬೇಕು. ತಾರೀಖು ಕಂಪ್ಯೂಟರೇ ಲೆಕ್ಕ ಹಾಕಿ ಕೊಡಬೇಕು, ನರ್ಸು ಅದನ್ನು ತಾಯಿಗೆ ಓದಿ ಹೇಳಬೇಕು. ಭರತ್ ಎದ್ದು, ಪ್ರತಿ ವರ್ಷದ ಪಂಚಾಂಗ ತುಂಬಿಸಿಕೊಡುವುದು ತನ್ನ ಕೆಲಸ ಎಂದ. ಹರಪನಹಳ್ಳಿಯ ಸಿಸ್ಟರ್ ತಮ್ಮ ಕಡೆ ಹೇಳುವ ಎರಡು ಹೆಸರು ಸೇರಿಸಿದರು. ಅಧಿಕಾರಿ ಹಾಳೆಯನ್ನು ಎರಡು ಸಲ ಓದಿ ಸಹಿ ಹಾಕಿದರು. ಅವತ್ತು ನಮ್ಮ ಹೊನ್ನೂರಕ್ಕನ ಪಕ್ಕ ಕೂತಿದ್ದೆನಲ್ಲ, ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ರೋಜಾ ಶೀಗಿ ಹುಣ್ಣಿಮೆಯ ಮಾರನೇ ದಿನ ಹಡೆದಳು. ಹೆಣ್ಣು ಕೂಸು, ಎರಡು ಕಿಲೋ ಎಂಟುನೂರು ಗ್ರಾಂ, ಕೊಯ್ಯದೆಯೇ ಆದ ಹೆರಿಗೆ. ಕೆಂಚಕ್ಕ ನಮ್ಮ ಕಡೆ ನೋಡಿದ ನೋಟದಲ್ಲಿ ಸ್ವಲ್ಪ ಜಂಬ ಇತ್ತು, ಇರಲಿ, ಅವಳದ್ದೇ ಲೆಕ್ಕ ಸರಿ ಬಂದದ್ದು.

ರೋಜಾಳ ಪುಟದಲ್ಲಿ ನನ್ನ ತಪ್ಪು ತಾರೀಖು ಈಗಲೂ ಇದೆ, ಪಕ್ಕದಲ್ಲೇ ನನ್ನ ಹೆಸರು. ಅದನ್ನು ಅಳಿಸಲು ಬರುತ್ತದೇನೋ ಎಂದು ಒಮ್ಮೆ ಮೆಲ್ಲಗೆ ಭರತ್‌ನನ್ನು ಕೇಳಿದ್ದೆ. ಹೊನ್ನೂರಕ್ಕನ ಕಿವಿಗೆ ಬಿತ್ತು.

"ಇರ್ಲಿ ಬಿಡು. ಅದರ ಕೆಳಗ ನನ್ನ ಹೆಸರೂ ಐತಿ ನೋಡು" ಎಂದರು.

ನೋಡಿದೆ. ತಿದ್ದಿದ್ದಕ್ಕೆ ಕಾರಣ ಎಂಬಲ್ಲಿ ಅವರು ಬರೆದದ್ದು ಎರಡೇ ಸಾಲು: ತಾಯಿಯನ್ನು ಮತ್ತೆ ಕೇಳಲಾಯಿತು. ತಾಯಿ ಮೊದಲೂ ಸರಿಯಾಗಿಯೇ ಹೇಳಿದ್ದರು.

ಈ ಮೇ ತಿಂಗಳಲ್ಲಿ ಹೊನ್ನೂರಕ್ಕ ನಿವೃತ್ತರಾಗುತ್ತಾರೆ. ಹೊಸದಾಗಿ ಬರುವ ನರ್ಸುಗಳಿಗೆ ಕಲಿಸುವ ಕೆಲಸ ನನಗೆ ಕೊಟ್ಟಿದ್ದಾರೆ. ರೋಜಾಳನ್ನು ಕೇಳಿ, ಒಪ್ಪಿಗೆ ಪಡೆದು, ಮೊದಲ ದಿನ ನಾನು ತೆರೆಯುವುದು ಅವಳ ಪುಟವನ್ನೇ. ತಪ್ಪು ತಾರೀಖಿನ ಮೇಲೆ ಬೆರಳಿಟ್ಟು, ಈ ಸೌಭಾಗ್ಯ ನಾನೇ ಎಂದು ಹೇಳಿ, ಆಮೇಲೆ ಕೆಳಗೆ ಹೊನ್ನೂರಕ್ಕ ಬರೆದ ಎರಡು ಸಾಲು ಓದಿಸುತ್ತೇನೆ.