ನನ್ನ ನಂಬರಿಗೆ ಬಂದ ಆರು ಮೆಸೇಜು

ಟ್ರ್ಯಾಕ್ಟರಿನ ಟ್ರೇಲರ್ ಮಾರುವ ಶೋರೂಮಿನಲ್ಲಿ ಒಂಬತ್ತು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುತ್ತಿದ್ದೇನೆ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನನ್ನ ಮನೆಯಿಂದ ಅಲ್ಲಿಗೆ ಸ್ಕೂಟಿಯಲ್ಲಿ ಹತ್ತು ನಿಮಿಷ. ಕೆಲಸದಲ್ಲಿ ನಾನು ಚುರುಕು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಹೇಳದ ದಿನ ನಾನೇ ಹೇಳಿಕೊಳ್ಳುತ್ತೇನೆ. ಫಾರಂ ತುಂಬುವಾಗ ಎದುರಿಗೆ ಕೂತವರು ತಡವರಿಸಿದರೆ ನನಗೆ ಮೈ ಉರಿಯುತ್ತದೆ. ಇಲ್ಲಿ ಬರೆಯುತ್ತಿರುವ ತಪ್ಪು ಆ ಚುರುಕಿನಿಂದಲೇ ಆದದ್ದು.

ಕಳೆದ ಬಸವ ಜಯಂತಿ ಬುಧವಾರ ಬಂದಿತ್ತು. ಅವತ್ತು ಹೊಸ ಗಾಡಿ ಮನೆಗೆ ತರಬೇಕೆಂದು ನಮ್ಮ ಕಡೆ ಜನ ತಿಂಗಳ ಮೊದಲೇ ಬುಕ್ ಮಾಡಿರುತ್ತಾರೆ. ಆದರೆ ಬುಧವಾರ ಹನ್ನೆರಡಕ್ಕೆ ರಾಹುಕಾಲ. ಹನ್ನೊಂದೂವರೆಗೆ ಆರು ಜನ ರೈತರು ನನ್ನ ಮೇಜಿನ ಸುತ್ತ ನಿಂತಿದ್ದರು. ಪೂಜೆ ಮುಗಿದಿತ್ತು, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು, ಗಾಡಿ ಮಾತ್ರ ಗೇಟು ದಾಟುವ ಹಾಗಿಲ್ಲ. ಕಂಪ್ಯೂಟರಿಗೆ ಮಾಲೀಕರ ಮೊಬೈಲ್ ನಂಬರು ಬೇಕು, ಆ ಮೊಬೈಲಿಗೆ ಬರುವ ಓಟಿಪಿಯೂ ಬೇಕು. ಒಬ್ಬರ ಫೋನಿಗೆ ಚಾರ್ಜಿಲ್ಲ, ಇನ್ನೊಬ್ಬರು ಫೋನನ್ನು ಊರಲ್ಲೇ ಬಿಟ್ಟು ಬಂದಿದ್ದಾರೆ, ಮತ್ತೊಬ್ಬರಿಗೆ ನಂಬರೇ ನೆನಪಿಲ್ಲ.

“ನಮ್ಮ ಫೋನು ಸೊಸಿ ಹತ್ರ ಐತೆ ಮೇಡಂ, ಮನ್ಯಾಗೆ. ಲಗೂನ ಏನರ ಮಾಡ್ರಿ, ಹನ್ನೆರಡು ಹೊಡಿತೈತೆ,” ಎಂದರು ಹರಿಹರದ ಕಡೆಯ ಹಿರಿಯರೊಬ್ಬರು. ಹಣೆ ತುಂಬ ವಿಭೂತಿ, ಕೈಯಲ್ಲಿ ಒಡೆದ ತೆಂಗಿನಕಾಯಿಯ ಹೋಳು.

ಮಾಡಿದೆ. ಆರೂ ಫಾರಮಿಗೆ ನನ್ನದೇ ನಂಬರು ಹಾಕಿದೆ. ಓಟಿಪಿಗಳು ಟಿಂಗ್ ಟಿಂಗ್ ಎಂದು ನನ್ನ ಫೋನಿಗೇ ಬಂದವು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆರನೇ ಟ್ರೇಲರೂ ಗೇಟು ದಾಟಿತು. ಹಿರಿಯರು ತೆಂಗಿನ ಹೋಳನ್ನು ನನ್ನ ಕೈಗಿಟ್ಟು, “ನೀವು ಇದ್ದಿದ್ದಕ್ಕೆ ಆತು ನೋಡ್ರಿ,” ಎಂದರು. ನಾನು ಉಬ್ಬಿಹೋದೆ. ನಂಬರುಗಳನ್ನು ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ, ಬದಲಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಫೋನಿಗೆ ಒಂದೇ ಥರದ ಆರು ಮೆಸೇಜು ಬಂದವು. ಇಂಗ್ಲಿಷಿನಲ್ಲಿ ‘ಪ್ರಿಯ ಗ್ರಾಹಕರೇ’ ಎಂದು ಶುರು. ಇನ್ಶೂರೆನ್ಸಿನವರ ಕಾಟ ಎಂದು ಬೈದುಕೊಂಡು ಆರನ್ನೂ ಅಳಿಸಿದೆ.

ಎರಡು ದಿನ ಬಿಟ್ಟು ಕಂಪನಿಯ ಪತ್ರ ಶೋರೂಮಿಗೆ ಬಂತು. ಆ ವರ್ಷದ ಟ್ರೇಲರುಗಳನ್ನು ವಾಪಸ್ ಕರೆಸಿಕೊಳ್ಳಬೇಕಂತೆ. ಟ್ರ್ಯಾಕ್ಟರಿನಿಂದ ಟ್ರೇಲರಿಗೆ ವೈರು ಸೇರುವ ಕಡೆ ಮಳೆನೀರು ಇಳಿಯುತ್ತಿತ್ತು. ನೀರು ಇಳಿದರೆ ಬ್ರೇಕ್ ಒತ್ತಿದರೂ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ರಿಪೇರಿ ಅರ್ಧ ತಾಸಿನ ಕೆಲಸ, ಪುಕ್ಕಟೆ. ಮಾಲೀಕರಿಗೆ ನೇರವಾಗಿ ಮೆಸೇಜು ಕಳಿಸಿದ್ದೇವೆ ಎಂದೂ ಬರೆದಿದ್ದರು. ನಮ್ಮ ಸಾಹುಕಾರರು, “ಎಲ್ಲರಿಗೂ ಹೋಗೈತಾ ನೋಡ್ರಿ,” ಎಂದರು. ಕಂಪ್ಯೂಟರಿನಲ್ಲಿ ಎಲ್ಲ ಹೆಸರಿನ ಮುಂದೆಯೂ ಡೆಲಿವರ್ಡ್ ಎಂದು ಹಸಿರು ಗುರುತು ಇತ್ತು. ಬಸವ ಜಯಂತಿಯ ಆ ಆರು ಹೆಸರೂ ಅಲ್ಲಿದ್ದವು; ನಾನು ಅಳಿಸಿದ್ದು ಅವರಿಗೆ ಹೋಗಬೇಕಿದ್ದ ಮೆಸೇಜುಗಳನ್ನು.

“ಹೋಗಿದೆ ಸರ್,” ಎಂದೆ. ಹೋಗಿದ್ದು ನಿಜವೇ, ನನ್ನ ಅಡುಗೆಮನೆಗೆ.

ನಿಜ ಹೇಳಿದ್ದರೆ ಸಾಹುಕಾರರು ನಾಲ್ಕು ಬೈದು ಸುಮ್ಮನಾಗುತ್ತಿದ್ದರೇನೋ. ನನಗೆ ಹೆಸರು ಕೆಡುವುದು ಬೇಡವಾಗಿತ್ತು. ಯಾರಿಗೂ ತಿಳಿಯದ ಹಾಗೆ ಅವರಿವರನ್ನು ಕೇಳಿ ಐದು ಜನರನ್ನು ಹುಡುಕಿ, ಟ್ರೇಲರು ತರಿಸಿ ರಿಪೇರಿ ಮಾಡಿಸಿದೆ. ಉಳಿದದ್ದು ಆ ಹಿರಿಯರ ಗಾಡಿ. ಫೋನು ನಂಬರು ಗೊತ್ತಿಲ್ಲ, ಊರು ಹರಿಹರ ದಾಟಿ ಉಕ್ಕಡಗಾತ್ರಿಯ ದಾರಿಯಲ್ಲಿ. ಭಾನುವಾರ ಬಸ್ಸು ಹತ್ತಿ ಹೋಗಿ ಹೇಳಿಬರಬೇಕು ಎಂದುಕೊಂಡೆ. ಭಾನುವಾರ ಒಳ್ಳೇ ಬಿಸಿಲು ಬಿತ್ತು. ಹೊದೆಯುವ ಕೌದಿಗಳನ್ನು ಒಗೆದು ತಾರಸಿಯ ಮೇಲೆ ಹರವಿದೆ. ಮುಂದಿನ ವಾರ ಹೋದರಾಯಿತು ಅಂದುಕೊಂಡೆ.

ಆ ಗುರುವಾರ ಸಂಜೆ ಹಿರಿಯರ ದೊಡ್ಡ ಮಗ ಭತ್ತದ ಚೀಲ ಹೇರಿಕೊಂಡು ಹರಿಹರದ ಮಿಲ್ಲಿಗೆ ಹೊರಟಿದ್ದ. ಚಿಕ್ಕ ಮಗ ಹಿಂದೆ ಬೈಕಿನಲ್ಲಿ. ಕುರಿಗಳು ಅಡ್ಡ ಬಂದವೆಂದು ಅಣ್ಣ ಬ್ರೇಕ್ ಒತ್ತಿದ. ಹಿಂದೆ ದೀಪ ಹತ್ತಲಿಲ್ಲ, ಮಬ್ಬುಗತ್ತಲಲ್ಲಿ ತಮ್ಮನಿಗೆ ಟ್ರೇಲರು ನಿಂತದ್ದು ಗೊತ್ತಾಗಲಿಲ್ಲ. ಜೀವ ಉಳಿಯಿತು. ಬಲಗಾಲು ಎರಡು ಕಡೆ ಮುರಿಯಿತು.

ವಿಚಾರಣೆಗೆಂದು ಕಂಪನಿಯಿಂದ ಒಬ್ಬ ಅಧಿಕಾರಿ ಬಂದರು. ಫೈಲು ಹಿಡಿದುಕೊಂಡು ಜೊತೆಗೆ ಹೋದವಳು ನಾನೇ. ಪಡಸಾಲೆಯಲ್ಲಿ ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿದ ಹುಡುಗ, ಸುತ್ತ ಮನೆಮಂದಿ. ಅಧಿಕಾರಿ ಬರೀ ಹೆಸರು, ಹಸಿರು ಗುರುತು ಇದ್ದ ಗ್ರಾಹಕರ ಪಟ್ಟಿಯನ್ನು ನೋಡಿ, “ನಿಮಗೆ ಮೆಸೇಜ್ ಬಂದಿದೆಯಲ್ಲ, ಡೆಲಿವರ್ ಆಗಿದೆ. ಯಾಕೆ ಗಾಡಿ ತರಲಿಲ್ಲ?” ಎಂದರು. ಎಲ್ಲರೂ ಬಾಗಿಲ ಬಳಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. ದೊಡ್ಡ ಮಗನ ಹೆಂಡತಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮನೆಯ ಫೋನು ಅವಳ ಕೈಯಲ್ಲೇ ಇತ್ತು.

“ಬಂದಿಲ್ಲರಿ,” ಎಂದಳು.

“ಬಂದೈತೆ ಅಂತ ಅವರು ಬರೆದಿದ್ದು ತೋರಸ್ತಾ ಇದಾರೆ, ನೀನು ಬಂದಿಲ್ಲ ಅಂತೀಯಲ್ಲ! ನೋಡದೇ ಅಳಿಸಿರ್ತೀಯ,” ಎಂದು ಹಿರಿಯರು ರೇಗಿದರು. ಅವಳು ಇನ್ನೊಮ್ಮೆ ಬಂದಿಲ್ಲ ಎಂದಳು, ದನಿ ಸಣ್ಣದಾಗಿತ್ತು. ನನ್ನ ನಂಬರು ಬರೆದಿದ್ದ ಫಾರಮು ನನ್ನ ತೊಡೆಯ ಮೇಲಿನ ಫೈಲಿನಲ್ಲೇ ಇತ್ತು. ಅದನ್ನು ತೆಗೆದು ತೋರಿಸದೆ, ಅವಳೇ ಮಾಡಿ ತಂದ ಚಹಾ ಕುಡಿದು ಎದ್ದು ಬಂದೆ.

ಯುಗಾದಿಯ ಹೊತ್ತಿಗೆ ಅದೇ ಊರಿನವರೊಬ್ಬರು ಟ್ರೇಲರು ನೋಡಲು ಶೋರೂಮಿಗೆ ಬಂದರು. ಹುಡುಗ ಹೇಗಿದ್ದಾನೆ ಎಂದು ಕೇಳಿದೆ. ಕೋಲು ಹಿಡಿದು ಓಡಾಡುತ್ತಾನಂತೆ. “ಆ ಸೊಸಿ ಪಾಡು ನೋಡ್ರಿ, ಪಾಪ. ಮೈದುನನ ಕಾಲು ಮುರಿದಾಕಿ ಅಂತ ಮನ್ಯಾಗೆ ಅನ್ನೋದು ನಿಂತಿಲ್ಲ. ಫೋನು ಕಸ್ಗಂಡಾರೆ. ತವರಿಗೆ ಮಾತಾಡಬೇಕಂದ್ರೂ ಮಾವನ್ನ ಕೇಳಬೇಕು,” ಎಂದರು. ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ.

ನಾನು ಹೋದಾಗ ಹಿರಿಯರು ಹಿತ್ತಲಲ್ಲಿದ್ದರು. ಸೊಸೆ “ಬರ್ರಿ, ಕೂಡ್ರಿ,” ಎಂದು ಚಾಪೆ ಹಾಸಿ ಚಹಾಕ್ಕಿಟ್ಟಳು. ನಾನು ಅವಳ ಹಿಂದೆಯೇ ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ರಾಹುಕಾಲ, ನನ್ನ ನಂಬರು, ಒಗ್ಗರಣೆ ಹಾಕುತ್ತ ಅಳಿಸಿದ್ದು, ಕೌದಿ ಒಗೆದ ಭಾನುವಾರ. ಅವಳು ಅಳುತ್ತಾಳೆ, ಇಲ್ಲವೇ ನನ್ನ ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ, ಚಹಾ ಸೋಸಿದಳು.

“ನನಗ್ಯಾಕ ಹೇಳ್ತೀರಿ? ನಾನು ಅಳಿಸಿಲ್ಲ ಅಂಬೋದು ನಂಗೆ ಮೊದ್ಲೇ ಗೊತ್ತಿತ್ತು. ಅವರಿಗೆ ಹೇಳ್ರಿ,” ಎಂದಳು.

ಅವಳಿಗೆ ಹೇಳಿ ಹಗುರಾಗಿ ಬಸ್ಸು ಹತ್ತಬೇಕೆಂದೇ ನಾನು ಬಂದಿದ್ದೆ ಎಂಬುದು ಆಗ ನನಗೇ ತಿಳಿಯಿತು. ನಾಚಿಕೆಯಾಯಿತು. ಹಿರಿಯರು ಕೈಕಾಲು ತೊಳೆದು ಒಳಗೆ ಬಂದು ಕೂತರು. ಕೋಲು ಹಿಡಿದು ಚಿಕ್ಕ ಮಗನೂ ಬಂದ. ಅವರಿಬ್ಬರ ಮುಂದೆ ಮತ್ತೆ ಮೊದಲಿಂದ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಸೊಸೆ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.

ಹಿರಿಯರು ಪೊಲೀಸರಿಗೆ ಹೇಳಲಿ, ಸಾಹುಕಾರರಿಗೆ ಹೇಳಲಿ, ಕೂಗಾಡಲಿ ಎಂದು ನಾನು ತಲೆತಗ್ಗಿಸಿ ಕಾಯುತ್ತಿದ್ದೆ.

“ಹೋಗ್ಲಿ ಬಿಡ್ರಿ ಮೇಡಂ,” ಎಂದರು. “ನೀವೇನು ಬೇಕಂತ ಮಾಡಿದ್ರಾ? ಕೆಲಸದ ಗಡಿಬಿಡ್ಯಾಗೆ ಆಗಿರತೈತೆ. ಅಳಬ್ಯಾಡ್ರಿ.”

ಮಗನೂ ಹೌದೆಂದು ತಲೆಯಾಡಿಸಿದ. ಸೊಸೆಗೆ ತಿಂಗಳುಗಟ್ಟಲೆ ಹೇಳದ ‘ಹೋಗ್ಲಿ ಬಿಡು’ ಎಂಬ ಮಾತನ್ನು ನನಗೆ ಒಂದು ನಿಮಿಷದಲ್ಲಿ ಹೇಳಿದರು. ಈಗ ಅವಳ ಕಡೆ ತಿರುಗುತ್ತಾರೆ, ಏನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ತಿರುಗಿದರು.

“ಮೇಡಮ್ಮೋರ ಚಾ ಆರಿ ಹೋಗೈತೆ. ಬಿಸಿ ಮಾಡಿ ತಗಂಬಾ,” ಎಂದರು.

ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.