ಹಲೀಮಾಬಿ ಕಳಿಸಿದ ಕೌದಿ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಒಬ್ಬ ಹೆಂಗಸಿಗೆ ಹೆಸರಿಲ್ಲ. ನನಗೆ ಗೊತ್ತಿಲ್ಲವೆಂದಲ್ಲ. ಇಪ್ಪತ್ತೊಂದು ವರ್ಷ ಆ ಹೆಸರನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, ಅದರ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗಿದವನು ನಾನೇ. ಆಕೆಯ ತಾಯಿಯನ್ನು ಗುರವ್ವ ಎಂದು ಕರೆಯುತ್ತೇನೆ, ಅದು ನಾನಿಟ್ಟ ಹೆಸರು. ಆ ಮಗಳ ಗಂಡನ ಊರು ಯರಗುಪ್ಪಿ ಎಂದು ಬರೆಯುತ್ತೇನೆ, ಅದೂ ಸುಳ್ಳು. ಕುಂದಗೋಳ ಮಾತ್ರ ಇರಲಿ. ಹಲೀಮಾಬಿಯನ್ನು ಬೇರೆ ಊರಿನಲ್ಲಿ ಕೂರಿಸಿ ಬರೆಯಲು ನನಗೆ ಬರುವುದಿಲ್ಲ.

ನಾನು ಗೌರೀಶ. ಈಗ ಮುಚ್ಚಿಹೋಗಿರುವ ಒಂದು ಶಿಶುಗೃಹದಲ್ಲಿ ಗುಮಾಸ್ತನಾಗಿದ್ದೆ. ಹೆತ್ತವರು ಸಾಕಲಾಗದೆ ಒಪ್ಪಿಸಿಹೋದ ಕೂಸುಗಳನ್ನು ಕಾಯ್ದೆ ಪ್ರಕಾರ ದತ್ತು ಕೊಡುವ ಜಾಗ ಅದು. ಹಲೀಮಾಬಿ ಅಲ್ಲಿನ ಆಯಾ. ನಾನು ಸೇರುವ ಎಷ್ಟೋ ವರ್ಷ ಮೊದಲೇ ಇದ್ದಳು. ಗಂಡ ಅಬ್ದುಲ್‌ಸಾಬ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದ, ಸ್ವಂತ ಮಕ್ಕಳಿರಲಿಲ್ಲ. ಮೂವತ್ತೊಂದು ವರ್ಷ ಊರವರ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಮಲಗಿಸಿದಳು. ಹೊಗೆ ಕೊಟ್ಟಮೇಲೆ ಹಣೆಗೆ ಒಂದಿಷ್ಟು ವಿಭೂತಿಯನ್ನೂ ಹಚ್ಚುತ್ತಿದ್ದಳು. ಇದೇನು ಹಲೀಮಾಬೀ, ಎರಡೂ ಕಡೆ ಅರ್ಜಿ ಹಾಕುತ್ತೀರಲ್ಲ ಎಂದು ನಾನು ಕೆಣಕಿದರೆ, "ಯಾವ ಕೂಸಿನ ದೇವ್ರು ಯಾಂವ ಅಂತ ನಿಮ್ಮ ಕಪಾಟಿಗೆ ಗೊತ್ರಿ, ನನಗೇನ ಗೊತ್ತು" ಎನ್ನುತ್ತಿದ್ದಳು.

ಆಕೆಗೆ ಓದು ಬರಹ ಇಲ್ಲ. ಅದಕ್ಕೇ ಇರಬೇಕು, ಗುಟ್ಟು ಎನ್ನುವುದು ಎರಡೇ ದಾರಿಯಲ್ಲಿ ಹೊರಬೀಳುತ್ತದೆ ಎಂದು ನಂಬಿದ್ದಳು, ಒಂದು ಬಾಯಿ, ಇನ್ನೊಂದು ಕಾಗದ. ತನ್ನ ಬಾಯಿಗೆ ತಾನು ಜವಾಬ್ದಾರಿ, ಕಾಗದಕ್ಕೆ ನಾನು. ಈ ಎರಡನ್ನೂ ಬಿಗಿ ಮಾಡಿಕೊಂಡಮೇಲೆ ಆಕೆ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ದತ್ತು ಹೋಗುವ ಕೂಸಿನ ಗಂಟಿನಲ್ಲಿ ಹೆತ್ತವಳದೊಂದು ವಸ್ತು ಇರಲೇಬೇಕು. ಒಂದು ಕುಂಚಿಗೆಯೋ, ಕರಿಮಣಿಯೋ, ಏನೂ ಇಲ್ಲದಿದ್ದರೆ ತಾಯಿ ತಲೆ ಒರೆಸಿಕೊಂಡ ಟವೆಲ್ಲಾದರೂ.

"ಹೆಸರ ಬ್ಯಾಡ ಅಂದ್ರ ಬ್ಯಾಡ್ರಿ. ಆದ್ರ ಹಡದಾಕಿ ವಾಸನಿನೂ ಬ್ಯಾಡಂದ್ರ ಹೆಂಗ್ರಿ?"

ನನಗೂ ಅದು ಸರಿಯೆಂದೇ ತೋರಿತ್ತು. ಅರಿವೆಗೆ ಬಾಯಿ ಇದೆಯೇ ಅಂದುಕೊಂಡಿದ್ದೆ.

ಗುರವ್ವ ತನ್ನ ಹತ್ತೊಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಾಗ ಕೂಸಿಗೆ ಹನ್ನೊಂದು ದಿನ. ಮಗಳಿಗೆ ಲಗ್ನವಾಗಿರಲಿಲ್ಲ. ಆರು ತಿಂಗಳು ತಂಬೂರ ಎಂಬ ಊರಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದೇವೆಂದು ಊರಲ್ಲಿ ಹೇಳಿದ್ದರು. ಕೂಸಿನ ತಂದೆಯ ಬಗ್ಗೆ ಬರೆದು ಶಾಯಿ ಹಾಳು ಮಾಡುವುದಿಲ್ಲ. ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ, ಅವನನ್ನು ಯಾರೂ ಹುಡುಕಿಕೊಂಡು ಹೋಗುವುದೂ ಇಲ್ಲ. ಮುಚ್ಚಿಡುವ ಕೆಲಸವೆಲ್ಲ ಹೆಣ್ಣಿನ ಪಾಲಿಗೇ ಬರುತ್ತದೆ, ನಾನು ನೌಕರಿಯಲ್ಲಿ ಕಲಿತದ್ದು ಇಷ್ಟೇ.

ಹುಡುಗಿ ಸಹಿ ಮಾಡಿದಳು. ಮನಸ್ಸು ಬದಲಿಸಲು ಅರವತ್ತು ದಿನ ಇದೆಯೆಂದು ನಾನು ಓದಿ ಹೇಳಿದೆ. ಗುರವ್ವ ನನ್ನ ಮಾತು ಕೇಳುತ್ತಿರಲಿಲ್ಲ, ಹಲೀಮಾಬಿಯ ಕೈ ಹಿಡಿದುಕೊಂಡಿದ್ದಳು.

"ನಮ್ಮ ಹುಡಿಗಿ ಹೆಸರ ಹೊರಗ ಬಿದ್ರ ಬಾವಿನ ಗತಿ ನಮಗ."

ಹಲೀಮಾಬಿ ಕೂಸಿನ ತಲೆ ಮುಟ್ಟಿ, "ಈಕಿ ಆಣಿ, ನನ್ನ ಬಾಯಿಂದ ಹೋಗಂಗಿಲ್ಲ" ಎಂದಳು. ಹೋಗಲೂ ಇಲ್ಲ.

ಕೂಸನ್ನು ಸುತ್ತಿ ತಂದದ್ದು ಒಂದು ಸಣ್ಣ ಕೌದಿ. ಗುರವ್ವನೇ ಹೊಲಿದದ್ದು. ಆಕೆ ಆ ಭಾಗದ ಹತ್ತು ಹಳ್ಳಿಗೆ ಹೆಸರಾದ ಕೌದಿಯವಳು, ಹಳೆಯ ಸೀರೆಗಳ ಗಂಟು ಕೊಟ್ಟುಹೋದರೆ ತಿಂಗಳಿಗೆ ಕೌದಿ ಮಾಡಿ ಕೊಡುತ್ತಿದ್ದಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವಾಗ ಒಳಗೊಂದು ಹೋಳಿಗೆಯ ಚೂರು ಇಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಗುರವ್ವ ಮಾತ್ರ ಆ ಮೂಲೆಯ ಮೇಲೆ ಹಳದಿ ಅರಿವೆ ಹಚ್ಚುತ್ತಿದ್ದಳು. ಇನ್ನೊಂದು, ಕೂಸಿನ ಕೌದಿಯಾದರೆ ನಟ್ಟನಡುವೆ ಹಡೆದವಳ ಬಟ್ಟೆಯೇ ಬೀಳಬೇಕೆಂದು ಹಟ ಹಿಡಿಯುತ್ತಿದ್ದಳು. ಈ ಕೌದಿಯ ನಡುವೆಯೂ ಮಗಳ ಕುಪ್ಪಸ ಹೊಲಿದು ಉಳಿದ ಗಿಣಿಹಸಿರು ಖಣದ ತುಂಡೊಂದು ಇತ್ತು. ಇದೆಲ್ಲ ಹಲೀಮಾಬಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೂಸು ಬೆಳಗಾವಿಯ ದಂಪತಿಗೆ ಹೋಗುವ ದಿನ ಹಲೀಮಾಬಿ ಕೌದಿಯನ್ನು ಒಗೆದು, ಮಡಿಸಿ, ಗಂಟಿನಲ್ಲಿಟ್ಟಳು. ಜೊತೆಗೆ ಹೋದ ಸಾಮಾನಿನ ಪಟ್ಟಿಯಲ್ಲಿ "ಸಣ್ಣ ಕೌದಿ, ಒಂದು" ಎಂದು ದುಂಡಗೆ ಬರೆದವನು ನಾನು. ಬರೆದು ಕಪಾಟಿಗೆ ಕೀಲಿ ಹಾಕಿದೆ.

ಎರಡು ವರ್ಷದ ಹಿಂದೆ ಆ ಕೂಸಿನಿಂದಲೇ ಅರ್ಜಿ ಬಂತು. ಹೆಸರು ರೋಹಿಣಿ, ಇಪ್ಪತ್ತೊಂದು ತುಂಬಿತ್ತು. ಸಾಕಿದವರು ಏನನ್ನೂ ಮುಚ್ಚಿಟ್ಟಿರಲಿಲ್ಲ, ಹೆತ್ತವಳನ್ನು ಒಮ್ಮೆ ನೋಡಬೇಕೆಂದು ತಾನೇ ಬರೆದಿದ್ದಳು. ಹೆತ್ತವಳು ಒಪ್ಪದೆ ಹೆಸರು ಹೇಳುವಂತಿಲ್ಲ. ಆದರೆ ಒಪ್ಪಿಗೆ ಕೇಳುವುದು ಹೇಗೆ? ಆಕೆ ಮದುವೆಯಾಗಿ ಯರಗುಪ್ಪಿ ಸೇರಿದ್ದಳು, ಪತ್ರ ಹಾಕಿದರೆ ಒಡೆಯುವವನು ಗಂಡ. ಕೊನೆಗೆ ಹಲೀಮಾಬಿ ಮೂರು ವಾರ ಕುಂದಗೋಳದ ಸಂತೆಯಲ್ಲಿ ಕಾದು, ನಾಲ್ಕನೆಯ ವಾರ ಮೆಣಸಿನಕಾಯಿ ಆರಿಸುತ್ತಿದ್ದ ಗುರವ್ವನ ಮಗಳ ಬಾಜು ತಾನೂ ಕೂತು ಮೆಣಸಿನಕಾಯಿ ಆರಿಸುತ್ತ ಕೇಳಿದಳು.

ಆಕೆ ತಲೆ ಎತ್ತಲಿಲ್ಲವಂತೆ. "ಆರಾಮ ಅದಾಳಲ್ರಿ? ಅಷ್ಟ ಸಾಕ್ರಿ ನನಗ. ಹೆಸರ ಬ್ಯಾಡ್ರಿ. ಮಗಳು ಕಾಲೇಜಿಗೆ ಹೊಂಟಾಳ, ನಾಳೆ ಲಗ್ನ ಆಗಬೇಕು. ಮನ್ಯಾಗ ಯಾರಿಗೂ ಗೊತ್ತಿಲ್ಲ."

ಇಲ್ಲ ಎಂಬುದನ್ನು ನಾನು ರೋಹಿಣಿಗೆ ತಿಳಿಸಿದೆ. ಅತ್ತಿರಬೇಕು, ಆದರೆ ಹಟ ಮಾಡಲಿಲ್ಲ. ನನಗೆ ನೀರು ಹಾಕಿದ ಆಯಾ ಇದ್ದರೆ ಅವರನ್ನಾದರೂ ನೋಡಬಹುದೇ ಎಂದಳು. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರಲಿಲ್ಲ. ಬಂದಳು, ಹಲೀಮಾಬಿಯ ಮನೆಯ ನೆಲದ ಮೇಲೆ ಕೂತು ಉಂಡಳು, ಅಂದಿನಿಂದ ಪ್ರತಿ ರವಿವಾರ ಫೋನು ಮಾಡತೊಡಗಿದಳು. ಹಲೀಮಾಬಿ ರವಿವಾರ ಬೆಳಿಗ್ಗೆಯಿಂದಲೇ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅಕ್ಕನ ಮಗ ಹಾರೂನ್ ಮುಟ್ಟಿದರೂ ಬೈಸಿಕೊಳ್ಳುತ್ತಿದ್ದ.

ಈ ವರ್ಷ ಕಾರಹುಣ್ಣಿಮೆ ಆಸುಪಾಸಿನ ಒಂದು ಮಧ್ಯಾಹ್ನ ಹಲೀಮಾಬಿ ನನ್ನ ಮನೆಗೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ರೋಹಿಣಿ ಖುಷಿಯಿಂದ ಫೋನು ಮಾಡಿದ್ದಳಂತೆ. ಅವಳ ಕೌದಿ ಹರಿದಿತ್ತು. ಹೊಲಿಸೋಣವೆಂದು ಅದರ ಫೋಟೋ ತೆಗೆದು, ಕೌದಿ ಹೊಲಿಯುವ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಕುಂದಗೋಳದ ಕಡೆಯದು, ನಾನು ಕೂಸಿದ್ದಾಗಿನದು, ಹೀಗೆಯೇ ಹೊಲಿದುಕೊಡುವವರು ಯಾರಾದರೂ ಇದ್ದೀರಾ ಎಂದು ಕೇಳಿದ್ದಳು, ಅಷ್ಟೇ. ಒಂದು ತಾಸಿನಲ್ಲಿ ಉತ್ತರ ಬಂದಿತ್ತು. ಹಳದಿ ಮೂಲೆ ನೋಡ್ರಿ, ಇದು ಗುರವ್ವನ ಕೈ, ಆಕಿ ತೀರಿಕೊಂಡು ನಾಕು ವರ್ಷ ಆತು.

"ಹೊಲಿದಾಕಿ ಹೆಸರ ಸಿಕ್ತು ಅಜ್ಜಿ ಅಂತಾಳ್ರಿ. ನಾ ಏನ ಮಾಡ್ಲಿ?" ಹಲೀಮಾಬಿ ಬಾಗಿಲಲ್ಲೇ ಕೂತುಬಿಟ್ಟಳು. "ಬಾಯಿ ಮುಚ್ಚಿದೆ, ನೀವು ಕಪಾಟ ಮುಚ್ಚಿದ್ರಿ. ಕೌದಿ ಕಳಿಸಿದಾಕಿ ನಾನ."

ನಾನು ಆಗಲೇ ರೋಹಿಣಿಗೆ ಫೋನು ಹಚ್ಚಿ, ಯಾಕೆಂದು ಕೇಳಬೇಡ, ಆ ಚಿತ್ರ ತೆಗೆದುಬಿಡು ಎಂದೆ. ಜಾಣ ಹುಡುಗಿ, ಯಾಕೆಂದು ಕೇಳಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ತಗದೇನ್ರಿ ಕಾಕಾ. ಆ ಹೆಸರನೂ ಮರ್ತಬಿಡ್ತೀನಿ. ಅವ್ರಿಗೇನೂ ಆಗೂದಿಲ್ಲಲ್ರಿ?" ಎಂದಳು. ಇಲ್ಲ ಎಂದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗಿತ್ತು. ಅಷ್ಟರಲ್ಲಿ ಚಿತ್ರ ಆ ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿತ್ತು. ನಲವತ್ತು ಹಳ್ಳಿಯ ಹೆಂಗಸರ ಮೊಬೈಲಿಗೆ ಕೀಲಿ ಹಾಕುವ ಕಪಾಟು ಯಾರಲ್ಲಿದೆ?

ಮರುದಿನ ಮುಂಜಾನೆ ಇಬ್ಬರೂ ಯರಗುಪ್ಪಿಯ ಬಸ್ಸು ಹತ್ತಿದೆವು. ಗುರವ್ವನ ಮಗಳಿಗೆ ಎಚ್ಚರ ಹೇಳಬೇಕು ಎಂಬುದೊಂದೇ ತಲೆಯಲ್ಲಿತ್ತು. ಎಚ್ಚರ ಹೇಳಿದರೆ ಆಕೆ ಏನು ಮಾಡಬಹುದು ಎಂದು ಇಬ್ಬರಲ್ಲಿ ಯಾರೂ ಯೋಚಿಸಿರಲಿಲ್ಲ.

ಆಕೆ ಹಿಂದಿನ ಅಂಗಳದಲ್ಲಿ ಕತ್ತರಿ ಹಿಡಿದು ಕೂತಿದ್ದಳು. ಸುತ್ತ ತಾಯಿ ಹೊಲಿದ ಮೂರು ಕೌದಿಗಳು. ಒಂದೊಂದರ ಹಳದಿ ಮೂಲೆ ಬಿಚ್ಚಿ ತೆಗೆಯುತ್ತಿದ್ದಳು. ಅಂದರೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ನಮ್ಮನ್ನು ನೋಡಿ ಏಳಲಿಲ್ಲ.

"ಊರಾಗ ಮನಿಗೊಂದು ಅವ್ವನ ಕೌದಿ ಅದಾವ್ರಿ," ಎಂದಳು. "ಎಷ್ಟಂತ ಬಿಚ್ಚಲಿ?"

ಹಲೀಮಾಬಿ ಆಕೆಯ ಎದುರು ಕುಕ್ಕರಿಸಿದಳು. "ಗಂಟಿನ್ಯಾಗ ಇಟ್ಟಾಕಿ ನಾನವ್ವಾ. ನಿನ್ನದೊಂದು ಆಕಿ ಹತ್ರ ಇರ್ಲಿ ಅಂತ ಇಟ್ಟೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಕತ್ತರಿ ಕೆಳಗಿಟ್ಟು, "ಹರದೈತಿ ಅಂದ್ರ, ಹೊಚಗೊಂಡ ಮಲಗತಿದ್ಲೇನ್ರಿ?" ಎಂದು ಕೇಳಿದಳು.

"ದಿನಾ," ಎಂದಳು ಹಲೀಮಾಬಿ.

ಆಗಲೇ ಒಳಗಿನಿಂದ ಅತ್ತೆ ಬಂದರು. ಒಳ್ಳೆಯ ಮುದುಕಿ, ನಗುಮುಖ. ಯಾರು ಎಂದು ಕೇಳಿದ್ದಕ್ಕೆ ಹಲೀಮಾಬಿ ಕೌದಿ ಹೊಲಿಸಲು ವಿಚಾರಿಸಿ ಬಂದೆವೆಂದಳು. ಹೊಲಿಯುವವಳು ಸತ್ತು ನಾಲ್ಕು ವರ್ಷವಾಯಿತೆಂದು ಅತ್ತೆ ನಿಟ್ಟುಸಿರು ಬಿಟ್ಟು, ನಮ್ಮನ್ನು ಪಡಸಾಲೆಗೆ ಕರೆದು ಕೂರಿಸಿ, ಸೊಸೆಗೆ ಚಹಾ ಮಾಡಲು ಹೇಳಿ, ಬೀಗಿತ್ತಿಯ ಕೈಗುಣ ಹೊಗಳುತ್ತ ತಮ್ಮ ಮೊಬೈಲು ತೆಗೆದರು. ಮಹಿಳಾ ಸಂಘದ ಗುಂಪಿಗೆ ಬಂದ ಚಿತ್ರ.

"ನೋಡ್ರಿ, ನಮ್ಮ ಬೀಗಿತ್ತಿ ಕೈ. ಎಲ್ಲೀತನ ಹೋಗೇತಿ." ಆಮೇಲೆ ಚಿತ್ರವನ್ನು ಬೆರಳಿಂದ ಹಿಗ್ಗಿಸಿದರು. "ಇದು ಕೂಸಿಂದು. ನಡುವಿಂದು ಗಿಣಿಹಸರ ಖಣ." ನೋಡುತ್ತ ನೋಡುತ್ತ ಅವರ ಕತ್ತು ಗೋಡೆಯ ಕಡೆ ತಿರುಗಿತು. ಅಲ್ಲಿ ಸೊಸೆಯ ನಿಶ್ಚಯದ ದಿನದ ಫೋಟೋ ತೂಗುಹಾಕಿತ್ತು. ಮೈಮೇಲಿನ ಕುಪ್ಪಸ ಅದೇ ಖಣದ್ದು.

ಸೊಸೆ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನವಾ," ಎಂದರು ಅತ್ತೆ, ಇನ್ನೂ ಮೆತ್ತಗೆ, "ಇದು ಯಾರ ಕೂಸಿಗೆ ಹೊಲದಿದ್ಲು ನಿಮ್ಮವ್ವ?"

ಹಲೀಮಾಬಿ ಬಾಯಿ ಹಾಕಿದಳು. ಇಡೀ ಜನ್ಮದಲ್ಲಿ ನಾನು ಆಕೆಯ ಬಾಯಲ್ಲಿ ಕೇಳಿದ ದೊಡ್ಡ ಸುಳ್ಳು ಅದು. "ನಮ್ಮಕ್ಕನ ಮೊಮ್ಮಗಳಿಗ್ರಿ. ನಾವ ಹೊಲಿಸಿದ್ವಿ."

"ಹಂಗಾರ ನಿಮ್ಮ ಕೂಸಿನ ಕೌದಿ ನಡಬರಕ ನಮ್ಮ ಸೊಸಿ ಖಣ ಯಾಕ ಬಂತ್ರಿ?"

ನಾನು ಇಷ್ಟು ವರ್ಷ ಕಾಯ್ದೆ ಓದಿದವನು, ಗುಟ್ಟು ಕಾಯುವ ಕಲಮುಗಳು ಬಾಯಿಪಾಠ ಬರುತ್ತವೆ. ಒಂದೂ ಆ ಪಡಸಾಲೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಅತ್ತೆ ಮೊಬೈಲನ್ನು ಬೋರಲು ಹಾಕಿ, ಚಹಾ ಆರುತ್ತದೆ ಕುಡಿಯಿರಿ ಎಂದರು. ಕುಡಿದೆವು.

ಹದಿನಾಲ್ಕು ದಿನಕ್ಕೆ ಗೊತ್ತಿಲ್ಲದ ನಂಬರಿನಿಂದ ನನಗೆ ಫೋನು ಬಂತು, ಗುರವ್ವನ ಮಗಳು. ತವರೂರಿನಲ್ಲಿದ್ದಳು, ತಾಯಿ ಸತ್ತಮೇಲೆ ಬೀಗ ಹಾಕಿದ್ದ ಮನೆಯಲ್ಲಿ. ಗಂಡ ಹೊಡೆಯಲಿಲ್ಲ, ಬೈಯಲಿಲ್ಲ, ಬಸ್ಸಿಗೆ ಕೂರಿಸಿ ಬಂದನಂತೆ. ಕಾಲೇಜಿಗೆ ಹೋಗುವ ಮಗಳು ಫೋನು ಎತ್ತುತ್ತಿಲ್ಲವಂತೆ. ಹಲೀಮಾಬಿ ನನ್ನ ಬಾಜುವೇ ಇದ್ದಳು, ಸ್ಪೀಕರ್ ಹಾಕಿದ್ದೆ. ವಕೀಲರನ್ನು ಕೇಳುತ್ತೇನೆ, ದೂರು ಕೊಡೋಣ ಎಂದು ನಾನು ಏನೇನೋ ಬಡಬಡಿಸಿದೆ.

"ಅದೆಲ್ಲ ಬ್ಯಾಡ್ರಿ," ಎಂದಳು. "ಒಂದ ಕೆಲಸ ಮಾಡ್ರಿ. ಬೆಳಗಾವಿ ಹುಡಿಗಿಗೆ ಇದನ್ನ ಹೇಳಬ್ಯಾಡ್ರಿ. ಕೌದಿ ಹೊಲಸಾಕ ಹೋಗಿ ಹಿಂಗಾತಂತ ಗೊತ್ತಾದ್ರ ಆಕಿ ಅದನ್ನ ಮತ್ತ ಹೊಚಗೊಳ್ಳೂದಿಲ್ಲ."

ಹಲೀಮಾಬಿ ಫೋನಿನ ಹತ್ತಿರ ಬಾಗಿ, "ನನ್ನ ಬಾಯಿಂದ ಹೋಗಂಗಿಲ್ಲವ್ವಾ" ಎಂದಳು. ಹಿಂದೊಮ್ಮೆ ಇದೇ ಮಾತು ಹೇಳುವಾಗ ಮುಟ್ಟಲು ಒಂದು ತಲೆಯಿತ್ತು. ಈ ಸಲ ಕೈ ಸುಮ್ಮನೆ ನೆಲದ ಮೇಲಿತ್ತು.

ರವಿವಾರದ ಫೋನು ಈಗಲೂ ತಪ್ಪಿಲ್ಲ. ಮೊಬೈಲು ಮಡಿಲಲ್ಲಿ ಇರುವುದಿಲ್ಲ, ಗೂಡಿನಲ್ಲಿರುತ್ತದೆ. ನಾಲ್ಕೈದು ಸಲ ರಿಂಗಾದ ಮೇಲೆ ಎದ್ದು ಹೋಗಿ ಎತ್ತುತ್ತಾಳೆ. ಮೊನ್ನೆ ನಾನೂ ಅಲ್ಲಿದ್ದೆ. ಕೌದಿಯನ್ನು ತಾನೇ ಸೂಜಿ ಹಿಡಿದು ಹೊಲಿಯುತ್ತಿದ್ದೇನೆಂದು ರೋಹಿಣಿ ಹೇಳಿದಳು, ಹೊಲಿಗೆ ಸೊಟ್ಟ ಬರುತ್ತಿದೆಯೆಂದು ನಕ್ಕಳು. ಆಮೇಲೆ ಪ್ರತಿವಾರ ಕೇಳುವುದನ್ನೇ ಕೇಳಿದಳು.

"ಅಜ್ಜಿ, ನನ್ನ ಸಲುವಾಗಿ ಅವ್ರಿಗೇನೂ ತೊಂದ್ರಿ ಆಗ್ಲಿಲ್ಲಲ್ಲ?"

"ಇಲ್ಲ ಬೇಟಾ," ಎಂದಳು ಹಲೀಮಾಬಿ. "ತಮ್ಮ ಮನ್ಯಾಗ ಆರಾಮ ಅದಾರ."