ಒಣ ಸೀರೆಯ ಕೆಲಸ

ಬೆಳಕು ಹರಿಯುತ್ತಿದೆ. ಮಿರ್ಜಾನದ ಬಳಿ ಅಘನಾಶಿನಿ ಇನ್ನೂ ಮಂಜಿನೊಳಗಿದೆ. ಎದೆಮಟ್ಟದ ನೀರಿನಲ್ಲಿ ನಿಂತ ಸಣ್ಣಿ ಅಂಬಿಗ ಕಾಲಿನ ಹೆಬ್ಬೆರಳಿನಿಂದ ಕೆಸರು ಕೆದಕುತ್ತಾಳೆ. ಬಳಚು ಎಂಬ ಚಿಪ್ಪುಮೀನು ತಾಗಿದೊಡನೆ ಮುಳುಗಿ, ಹೆಕ್ಕಿ, ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡ ತೇಲುವ ಪಾತ್ರೆಗೆ ಹಾಕುತ್ತಾಳೆ. ನಡುನಡುವೆ ತಲೆಯೆತ್ತಿ "ಕೂ" ಎನ್ನುತ್ತಾಳೆ. ಉತ್ತರ ಬರುವುದಿಲ್ಲ.

ಬಳಚು ಹೆಕ್ಕುವವರು ಜೋಡಿಯಾಗಿಯೇ ಹೊಳೆಗಿಳಿಯುತ್ತಾರೆ. ಒಬ್ಬಳು ಕೂಗಿದರೆ ಇನ್ನೊಬ್ಬಳು ಓಗೊಡಬೇಕು. ಓಗೊಡದಿದ್ದರೆ ಇದ್ದಬದ್ದದ್ದನ್ನೆಲ್ಲ ಬಿಟ್ಟು ಹುಡುಕಬೇಕು. ಮದುವೆಯಾಗಿ ಬಂದ ಸಣ್ಣಿಗೆ ಇದನ್ನೂ, ಸುಳಿ ಎಲ್ಲಿದೆ, ಮರಿ ಬಳಚನ್ನು ಏಕೆ ಬಿಡಬೇಕು ಎಂಬುದನ್ನೂ ಕಲಿಸಿದವಳು ನೆರೆಮನೆಯ ಮಾಸ್ತಮ್ಮ. ಇಪ್ಪತ್ತೆರಡು ವರ್ಷ ಅವರಿಬ್ಬರದೂ ಒಂದೇ ಜೋಡಿ. ದಿನಕ್ಕೆ ನಾಲ್ಕು ತಾಸು ನೀರು, ಎರಡು ಬುಟ್ಟಿ ಬಳಚು, ಚಿಪ್ಪು ಕೊಯ್ದ ಪಾದ, ಮೈಮೇಲೆ ಸದಾ ಒದ್ದೆ ಸೀರೆ.

ಒಣ ಸೀರೆ ಉಟ್ಟು ಮಾಡುವ ಕೆಲಸವೊಂದು ಸಿಗಲಿ ಎಂಬುದೇ ಮಾಸ್ತಮ್ಮನ ಕನಸು. ಇಷ್ಟೇನಾ ಎಂದು ದೊಡ್ಡ ಕುರ್ಚಿಯವರಿಗೆ ನಗು ಬಂದೀತು. ಶಾಲೆಯ ಬಿಸಿಯೂಟದ ಅಡುಗೆ ಕೆಲಸಕ್ಕೆ ಅವಳು ಹನ್ನೊಂದು ವರ್ಷ ಕೇಳುತ್ತಲೇ ಇದ್ದಳು. ಕಳೆದ ತಿಂಗಳು ಕೊನೆಗೂ ಸಿಕ್ಕಿತು. ಆ ಸುದ್ದಿಯನ್ನು ಅವಳು ಮೊದಲು ಹೇಳಿದ್ದು ಸಣ್ಣಿಗೆ, ಇದೇ ನೀರಿನಲ್ಲಿ ನಿಂತು.

"ಹಲ್ಲೆಲ್ಲ ಕಾಣೂ ಹಾಂಗೆ ನಗ್ತಿದ್ಳು. ನನ್ನ ಬಾಯಲ್ಲಿ ಎಂತ ಬಂತು ಗೊತ್ತುಂಟಾ? 'ಹಂಗಾರೆ ನಾ ಯಾರ ಸಂಗ್ತಿಗೆ ಇಳೀಲಿ' ಅಂದೆ. 'ಒಳ್ಳೇದಾತು ಮಾಸ್ತಕ್ಕ' ಅನ್ನೂಕೆ ಬಾಯೇ ಬರ್ಲಿಲ್ಲ. ಅವಳ ಮೋರೆ ಸಪ್ಪಗಾತು," ಎನ್ನುತ್ತಾಳೆ ಸಣ್ಣಿ, ದಂಡೆಗೆ ಬಂದು ನಮ್ಮ ಪತ್ರಿಕೆಯೊಂದಿಗೆ ಮಾತನಾಡುತ್ತ.

ಅಂದಿನಿಂದ ಇಬ್ಬರಲ್ಲೂ ಮಾತಿಲ್ಲ. ಬೇರೆಯವರಿಗೆಲ್ಲ ಜೋಡಿ ಇದೆ. ಸಣ್ಣಿ ಒಬ್ಬಳೇ ಇಳಿಯುತ್ತಾಳೆ. ಮಾಸ್ತಮ್ಮ ಕೆಲಸಕ್ಕೆ ಹೋದ ಮೊದಲ ದಿನ ಸಮುದ್ರದ ಇಳಿತ ತಡವಾಗಿ ಬಂದಿತ್ತು, ಬಿಸಿಲೇರಿದರೂ ಸಣ್ಣಿ ನೀರಿನಲ್ಲೇ ಇದ್ದಳು. ಎಂದಿನಂತೆ ಕೂಗಿದಳು, ಉತ್ತರ ಬರಲಿಲ್ಲ. ಹಗ್ಗ ಬಿಚ್ಚಿ, ಪಾತ್ರೆಯನ್ನು ನೀರಿಗೆ ಬಿಟ್ಟು, ಮಾಸ್ತಮ್ಮನನ್ನು ಹುಡುಕುತ್ತ ಮೂರು ಸಲ ಮುಳುಗಿದಳು. ಮೂರನೆಯ ಸಲ ತಲೆಯೆತ್ತಿದಾಗ ದಂಡೆಯ ಶಾಲೆಯ ಗಂಟೆ ಕೇಳಿಸಿತು. ಮಾಸ್ತಮ್ಮ ಅಲ್ಲಿ ಅಕ್ಕಿ ತೊಳೆಯುತ್ತಿದ್ದಾಳೆ ಎಂಬುದು ಆಗ ನೆನಪಾಯಿತು. ಅಷ್ಟರಲ್ಲಿ ಪಾತ್ರೆ ಹೊಳೆಯ ಪಾಲಾಗಿತ್ತು.

"ಮಳ್ಳಿ ನಾನು," ಎಂದು ನಗಲು ನೋಡುತ್ತಾಳೆ. ನಗು ಬರುವುದಿಲ್ಲ.

ಶಾಲೆ ಕೂಗಳತೆಯಲ್ಲೇ ಇದೆ. ಹೋಗಿ ಒಳ್ಳೆಯದಾಯಿತೆಂದು ಹೇಳಬಾರದೇ ಎಂದರೆ ಆಗದೆಂದು ತಲೆಯಾಡಿಸುತ್ತಾಳೆ. "ಈ ಒದ್ದೆ ಸೀರೇಲಿ ಅವಳ ಅಡುಗೆಮನೆ ಬಾಗ್ಲಿಗೆ ಹೋಗೂದಾ? ಯಾವ ಮೋರೆ ಇಟ್ಕಂಡು?"

ಪತ್ರಿಕೆಗೆ ತನ್ನ ಫೋಟೊ ಬೇಡ ಎನ್ನುತ್ತಾಳೆ. ಅವಳಿಗೆ ಬೇಕಾದದ್ದು ಬೇರೆ.

"ಶಾಲೆಗೆ ಪೇಪರ್ ಬತ್ತದೆ. ಟೀಚರ್ ಅವಳಿಗೆ ಓದಿ ಹೇಳ್ತಾರೆ. ಮಾಸ್ತಕ್ಕಂಗೆ ಒಣ ಸೀರೆ ಕೆಲಸ ಸಿಕ್ತು, ಸಣ್ಣಿಗೆ ರಾಶಿ ಖುಷಿ ಆತು ಅಂತ ಬರೀರಿ. ಮೂರು ಸಲ ಮುಳುಗಿ ಹುಡುಕಿದ್ದೂ ಬರೀರಿ. ಅವಳು ಕಲಿಸಿದ್ದು ನಾ ಮರೀಲಿಲ್ಲ ಅಂತ ಗೊತ್ತಾಗ್ಲಿ."